‘ಸರ್ವರ್ ಸಿಗುತ್ತಿಲ್ಲ’: ಬಂದು ಹೋಗುವ ದೋಷವನ್ನು ದಿನಚರಿಯಿಂದ ಹಿಡಿಯುವ ಬಗೆ

ನಮ್ಮ ವ್ಯಾಪಾರದ ಲೆಕ್ಕಗಳೆಲ್ಲವೂ ಕೆಂಪು ಬಟ್ಟೆಯ ರಟ್ಟು ಹೊದ್ದ ಕೀರ್ದಿ ಖತಾವಣಿಗಳಲ್ಲಿದ್ದ ಕಾಲದಲ್ಲಿ ‘ಪುಸ್ತಕ ಸಿಗುತ್ತಿಲ್ಲ’ ಎಂದು ಗುಮಾಸ್ತರು ಹೇಳಿದರೆ ಯಾರೋ ಎಲ್ಲಿಯೋ ಇಟ್ಟಿದ್ದಾರೆಂದು ತಿಳಿಯುತ್ತಿದ್ದೆವು. ಹುಡುಕಿದರೆ ಪುಸ್ತಕ ಸಿಗುತ್ತಿತ್ತು. ಅದರೊಳಗಿನ ಬರಹ ಬರೆದಂತೆಯೇ ಇರುತ್ತಿತ್ತು. ಇಂದು ಅದೇ ಲೆಕ್ಕಪತ್ರಗಳು ಕಚೇರಿಯ ಮೂಲೆಯಲ್ಲಿರುವ ಸರ್ವರ್ ಎಂಬ ಒಂದು ಗಣಕಯಂತ್ರದಲ್ಲಿವೆ. ಬಿಲ್ಲು ಬರೆಯುವವರು, ದಾಸ್ತಾನು ನೋಡುವವರು, ಸರಕು ರವಾನಿಸುವವರು ತಮ್ಮ ತಮ್ಮ ಮೇಜಿನಿಂದಲೇ ಒಂದು ತಂತಿಯ ಮೂಲಕ ಅದನ್ನು ತಲುಪುತ್ತಾರೆ. ಆ ತಂತಿಯ ಸಂಪರ್ಕ ನಡುವೆ ಕಡಿದರೆ ಪುಸ್ತಕ ಕಾಣೆಯಾಗುವುದಷ್ಟೇ ಅಲ್ಲ, ಅರ್ಧ ಬರೆದ ಪುಟ ಹರಿದುಹೋಗುವ ಸಂಭವವೂ ಉಂಟು.

ಪೂರ್ತಿ ಕೆಟ್ಟ ಯಂತ್ರವನ್ನು ಸರಿಪಡಿಸುವುದು ಸುಲಭ. ದಿನಕ್ಕೆ ಎರಡು ಬಾರಿ ಕೆಟ್ಟು, ತಂತ್ರಜ್ಞರು ಬಂದು ನಿಂತೊಡನೆ ಸರಿಯಾಗಿ ನಡೆಯುವ ಸಂಪರ್ಕವನ್ನು ಸರಿಪಡಿಸುವುದೇ ಕಷ್ಟ. ನಮ್ಮ ಸದಸ್ಯರಲ್ಲಿ ಅನೇಕರ ಕಚೇರಿಗಳಲ್ಲಿ ಈ ತೊಂದರೆಯಿರುವುದನ್ನು ಲೆಕ್ಕಪರಿಶೋಧನೆಗೆ ಹೋದಾಗಲೆಲ್ಲ ಕಾಣುತ್ತಿದ್ದೇನೆ. ನಾನು ತಂತ್ರಜ್ಞನಲ್ಲ. ಆದರೆ ಈ ಬಗೆಯ ದೋಷವನ್ನು ಪತ್ತೆ ಹಚ್ಚುವ ಕ್ರಮವು ಲೆಕ್ಕದಲ್ಲಿ ತಪ್ಪನ್ನು ಪತ್ತೆ ಹಚ್ಚುವ ಕ್ರಮಕ್ಕಿಂತ ಬೇರೆಯಲ್ಲವೆಂದು ಒಂದು ಪ್ರಕರಣದಿಂದ ನನಗೆ ಮನವರಿಕೆಯಾಗಿದೆ. ಅದನ್ನು ಸದಸ್ಯರ ಗಮನಕ್ಕೆ ತರುವುದು ಈ ಲೇಖನದ ಉದ್ದೇಶ.

ಒಂದೇ ಸಂಖ್ಯೆಯ ಎರಡು ಬಿಲ್ಲುಗಳು

ಬೆಳಗಾವಿಯ ಉದ್ಯಮಬಾಗದಲ್ಲಿ ಎರಕದ ಭಾಗಗಳನ್ನು ಕಡೆದು ಸಿದ್ಧಪಡಿಸಿ ಕೊಲ್ಲಾಪುರ, ಪುಣೆಗಳ ಕಡೆಗೆ ಕಳುಹಿಸುವ ಒಂದು ಚಿಕ್ಕ ಪ್ರೈವೇಟ್ ಲಿಮಿಟೆಡ್ ಕಂಪನಿ ನಮ್ಮ ಕಕ್ಷಿದಾರರದು. ಏಳು ಗಣಕಯಂತ್ರಗಳು, ಒಂದು ಸರ್ವರ್. ವಾರ್ಷಿಕ ವಹಿವಾಟು ₹5 ಕೋಟಿಯ ಒಳಗಿದ್ದುದರಿಂದ ಇ-ಇನ್‌ವಾಯ್ಸ್ ಅವರಿಗೆ ಕಡ್ಡಾಯವಿರಲಿಲ್ಲ. ಬಿಲ್ಲುಗಳನ್ನು ಲೆಕ್ಕದ ತಂತ್ರಾಂಶದಿಂದ ಮುದ್ರಿಸಿ, ತಿಂಗಳ ಕೊನೆಯಲ್ಲಿ ಅದೇ ದತ್ತಾಂಶದಿಂದ ಜಿ.ಎಸ್.ಟಿ.ಆರ್.-1 ಸಿದ್ಧಪಡಿಸುತ್ತಿದ್ದರು.

2024ರ ಮಳೆಗಾಲದಲ್ಲಿ ಕೊಲ್ಲಾಪುರದ ಗ್ರಾಹಕರೊಬ್ಬರು ಹಣ ತಡೆಹಿಡಿದರು. ತಮಗೆ ಬಂದ ಮೂರು ಬಿಲ್ಲುಗಳು ಜಿ.ಎಸ್.ಟಿ.ಆರ್.-2ಬಿಯಲ್ಲಿ ಕಾಣುತ್ತಿಲ್ಲ, ಆದ್ದರಿಂದ ಇನ್‌ಪುಟ್ ತೆರಿಗೆ ಜಮೆ ದೊರೆಯುತ್ತಿಲ್ಲ ಎಂಬುದು ಅವರ ಆಕ್ಷೇಪ. ಮಾಲೀಕರು ಲೆಕ್ಕ ತೆಗೆಸಿ ನೋಡಿದಾಗ ಆ ಮೂರು ಬಿಲ್ಲುಗಳು ಪುಸ್ತಕದಲ್ಲಿ ಇರಲಿಲ್ಲ. ಅದಕ್ಕಿಂತಲೂ ಕೆಟ್ಟ ಸಂಗತಿಯೆಂದರೆ, ಅವೇ ಮೂರು ಸಂಖ್ಯೆಗಳು ಬೇರೆ ಗ್ರಾಹಕರ ಹೆಸರಿನ ಬಿಲ್ಲುಗಳಿಗೆ ಹೋಗಿದ್ದವು. ಒಂದೇ ಸಂಖ್ಯೆಯ ಎರಡು ಬಿಲ್ಲುಗಳು, ಒಂದು ಪುಸ್ತಕದ ಒಳಗೆ, ಇನ್ನೊಂದು ಹೊರಗೆ! ವ್ಯಾಪಾರಸ್ಥರಿಗೆ ಇದರ ಅರ್ಥವನ್ನು ಬಿಡಿಸಿ ಹೇಳಬೇಕಿಲ್ಲ. ಹದಿನೆಂಟು ವರ್ಷ ಅಲ್ಲಿಯೇ ದುಡಿದ ಹಿರಿಯ ಗುಮಾಸ್ತರ ಮೇಲೆ ಮಾಲೀಕರ ಸಂಶಯ ತಿರುಗಿತು.

ಗುಮಾಸ್ತರು ನನ್ನೊಡನೆ ಹೇಳಿದ್ದು ಇಷ್ಟೇ: “ಸರ, ನಾ ಎಂಟ್ರಿ ಮಾಡಿದ್ದು ಖರೇ ಅದರಿ. ಆದ್ರ ಈಗ ಅದು ಕಾಣವಲ್ದು. ದಿನಾ ಸರ್ವರ್ ಹೋಗಿ ಬರತದರಿ.” ಈ ಮಾತನ್ನು ಮಾಲೀಕರು ನೆಪವೆಂದೇ ಎಣಿಸಿದ್ದರು. ಏಕೆಂದರೆ ‘ಸರ್ವರ್ ಹೋಗುತ್ತದೆ’ ಎಂಬ ದೂರಿನ ಮೇಲೆ ಅವರು ಆ ವರ್ಷವೇ ಒಂದು ಲಕ್ಷ ರೂಪಾಯಿಗೂ ಮೀರಿ ಖರ್ಚು ಮಾಡಿ ಹೊಸ ಸರ್ವರ್ ತಂದಿದ್ದರು. ಅದಕ್ಕೂ ಮುಂಚೆ ತಂತ್ರಾಂಶವನ್ನು ಎರಡು ಬಾರಿ ಹೊಸದಾಗಿ ಹಾಕಿಸಿದ್ದರು. ಇಷ್ಟಾದ ಮೇಲೂ ದೂರು ನಿಂತಿಲ್ಲವೆಂದರೆ ದೂರುವವನಲ್ಲಿಯೇ ದೋಷವಿರಬೇಕೆಂಬುದು ಅವರ ತರ್ಕ.

ಗೇಟಿನ ಕಡತವನ್ನು ತರಿಸಿದೆ. ಮೂರೂ ಸರಕುಗಳು ಒಂದೇ ದಿನದ ಮಧ್ಯಾಹ್ನ ಹೊರಟಿದ್ದವು. ಮೂರಕ್ಕೂ ಅಂದೇ ಇ-ವೇ ಬಿಲ್ಲು ಆಗಿತ್ತು. ಮರೆಮಾಚುವ ಉದ್ದೇಶವಿದ್ದವರು ಸರ್ಕಾರದ ಪೋರ್ಟಲಿನಲ್ಲಿ ಇ-ವೇ ಬಿಲ್ಲು ತೆಗೆಯುವುದಿಲ್ಲ. ಅಂದು ಸಂಜೆ ಏನಾಯಿತೆಂದು ವಿಚಾರಿಸಿದಾಗ ನಿಜ ಹೊರಬಂತು. ನಮೂದು ಬರೆಯುತ್ತಿದ್ದಾಗ ಸಂಪರ್ಕ ಕಡಿದು ದತ್ತಾಂಶದ ಕಡತ ಕೆಟ್ಟಿತ್ತು. ರಿಪೇರಿಗೆ ಬಂದವರು ಹಿಂದಿನ ರಾತ್ರಿಯ ಬ್ಯಾಕಪ್ ಪ್ರತಿಯನ್ನು ಮರಳಿ ಹಾಕಿದ್ದರು. ಆ ದಿನದ ಬಿಲ್ಲುಗಳನ್ನು ಗುಮಾಸ್ತರು ಕಚೇರಿಯಲ್ಲಿದ್ದ ಪ್ರತಿಗಳನ್ನು ನೋಡಿ ಮತ್ತೆ ನಮೂದಿಸಿದ್ದರು. ಈ ಮೂರರ ಪ್ರತಿಗಳು ಗೇಟಿನ ಕಡತದಲ್ಲಿಯೇ ಉಳಿದಿದ್ದವು. ಖಾಲಿಯಿದ್ದ ಸಂಖ್ಯೆಗಳನ್ನು ತಂತ್ರಾಂಶ ಮರುದಿನದ ಬಿಲ್ಲುಗಳಿಗೆ ಕೊಟ್ಟಿತ್ತು. ಬ್ಯಾಕಪ್ ಹಾಕಿದಾಗ ಆ ದಿನದ ತಿದ್ದುಪಡಿ ದಾಖಲೆಯೂ ಹಿಂದಿನ ರಾತ್ರಿಯ ಸ್ಥಿತಿಗೆ ಹೋಗಿದ್ದರಿಂದ ಪುಸ್ತಕದೊಳಗೆ ಏನೂ ಕುರುಹು ಉಳಿದಿರಲಿಲ್ಲ.

ಸಂಖ್ಯೆಯ ಗೊಂದಲವನ್ನು ಗ್ರಾಹಕರೊಡನೆ ಮಾತನಾಡಿ ಬಗೆಹರಿಸಿ, ಆ ಬಿಲ್ಲುಗಳನ್ನು ಮುಂದಿನ ತಿಂಗಳ ಜಿ.ಎಸ್.ಟಿ.ಆರ್.-1ರಲ್ಲಿ ಸೇರಿಸಿ, ತೆರಿಗೆಯನ್ನು ಶೇಕಡಾ 18ರ ಬಡ್ಡಿಸಹಿತ ಕಟ್ಟಿಸಿದ್ದಾಯಿತು. ಆದರೆ ಸಂಪರ್ಕ ಕಡಿಯುವುದು ನಿಂತಿರಲಿಲ್ಲ. ಮೂಲ ಉಳಿದಿರುವಾಗ ಇಂದಿನ ಮೂರು ಬಿಲ್ಲುಗಳು ನಾಳೆ ಮೂವತ್ತಾಗಬಹುದು.

ತಾಳೆಪಟ್ಟಿಯ ಪಾಠ

ವಾಣಿಜ್ಯ ಪದವಿಯ ಮೊದಲ ವರ್ಷದಲ್ಲಿಯೇ ನಮಗೊಂದು ಪಾಠವಿರುತ್ತಿತ್ತು. ತಾಳೆಪಟ್ಟಿಯ ಎರಡೂ ಬದಿಗಳು ಕೂಡದಿದ್ದಾಗ ಇಡೀ ಪುಸ್ತಕವನ್ನು ಹೊಸದಾಗಿ ಬರೆಯಲು ಹೊರಡಬಾರದು. ಮೊದಲು ವ್ಯತ್ಯಾಸದ ಮೊತ್ತವನ್ನು ನೋಡಬೇಕು. ಅದು 9ರಿಂದ ನಿಶ್ಶೇಷವಾಗಿ ಭಾಗವಾದರೆ ಅಂಕಿಗಳು ಅದಲು ಬದಲಾಗಿರುವ ಸಂಭವವುಂಟು. 1,270ನ್ನು 1,720 ಎಂದು ಬರೆದರೆ ವ್ಯತ್ಯಾಸ 450. ವ್ಯತ್ಯಾಸದ ಅರ್ಧದಷ್ಟು ಮೊತ್ತ ಪುಸ್ತಕದಲ್ಲಿ ಎಲ್ಲಿಯಾದರೂ ಇದ್ದರೆ ಅದು ಡೆಬಿಟ್‌ನ ಬದಲು ಕ್ರೆಡಿಟ್‌ಗೆ ಹೋಗಿರಬಹುದು. ವ್ಯತ್ಯಾಸದ ಸ್ವರೂಪವೇ ತಪ್ಪಿನ ಸ್ಥಳವನ್ನು ಸೂಚಿಸುತ್ತದೆ. ಆದರೆ ಎರಡು ಮೂರು ತಪ್ಪುಗಳು ಒಂದರೊಳಗೊಂದು ಬೆರೆತಿದ್ದರೆ ಈ ಸೂಚನೆಗಳು ಕೆಲಸ ಮಾಡವು. ಆಗ ಪುಟಪುಟವಾಗಿ, ಖಾತೆಖಾತೆಯಾಗಿ ಬೇರ್ಪಡಿಸಿ ನೋಡಬೇಕಾಗುತ್ತದೆ.

ನಮ್ಮ ಕಕ್ಷಿದಾರರು ಮಾಡಿದ್ದು ಇದಕ್ಕೆ ವಿರುದ್ಧವಾದುದು. ವ್ಯತ್ಯಾಸವನ್ನು ನೋಡದೆಯೇ ಪುಸ್ತಕ ಬದಲಿಸಿದ್ದರು. ‘ಸರ್ವರ್ ಹೋಯಿತು’ ಎಂಬ ಒಂದೇ ಮಾತಿನಲ್ಲಿ ಯಾವ ಯಂತ್ರದಲ್ಲಿ, ಎಷ್ಟು ಗಂಟೆಗೆ, ಎಷ್ಟು ಹೊತ್ತು ಎಂಬುದೆಲ್ಲ ಅಡಗಿಹೋಗಿತ್ತು. ಆದ್ದರಿಂದ ಇನ್ನು ಮುಂದೆ ಒಂದು ರೂಪಾಯಿಯನ್ನೂ ಖರ್ಚು ಮಾಡುವ ಮೊದಲು ಹತ್ತು ದಿನ ಒಂದು ದಿನಚರಿಯನ್ನು ಇಡಬೇಕೆಂದು ಸೂಚಿಸಿದೆ. ನೂರು ಪುಟದ ಒಂದು ನೋಟುಪುಸ್ತಕ, ಅದರಲ್ಲಿ ಐದು ಅಂಕಣಗಳು:

1. ದಿನಾಂಕ ಮತ್ತು ಗೋಡೆಯ ಗಡಿಯಾರದ ಸಮಯ.
2. ಯಾವ ಗಣಕಯಂತ್ರ; ಅದೇ ಹೊತ್ತಿನಲ್ಲಿ ಪಕ್ಕದವು ನಡೆಯುತ್ತಿದ್ದವೇ.
3. ಏನು ಮಾಡುತ್ತಿದ್ದಾಗ ಕಡಿಯಿತು. ಎಷ್ಟು ಹೊತ್ತಿಗೆ ತಾನಾಗಿ ಬಂತು ಅಥವಾ ಏನು ಮಾಡಿದ ಮೇಲೆ ಬಂತು.
4. ಯಂತ್ರದ ಹಿಂದಿನ ಹಾಗೂ ಸ್ವಿಚ್ ಪೆಟ್ಟಿಗೆಯ ಸಣ್ಣ ದೀಪ ಉರಿಯುತ್ತಿತ್ತೇ, ಆರಿತ್ತೇ.
5. ಆ ಹೊತ್ತಿನಲ್ಲಿ ಕಾರ್ಖಾನೆಯಲ್ಲಿ ಏನು ಪ್ರಾರಂಭವಾಯಿತು ಅಥವಾ ನಿಂತಿತು.

ದಿನಚರಿ ಬರೆಯುವ ಹೊಣೆಯನ್ನು ಅದೇ ಹಿರಿಯ ಗುಮಾಸ್ತರಿಗೆ ವಹಿಸಲಾಯಿತು. ಅವರು ಬರೆದುದನ್ನು ಪ್ರತಿದಿನ ಸಂಜೆ ಮಾಲೀಕರು ನೋಡಿ ಸಹಿ ಮಾಡಬೇಕೆಂದು ಗೊತ್ತುಪಡಿಸಿದೆವು.

ಇದರೊಡನೆ ತಂತ್ರಜ್ಞರು ಒಂದು ಸರಳ ಪರೀಕ್ಷೆಯನ್ನೂ ಏರ್ಪಡಿಸಿದರು. ಪಿಂಗ್ ಎಂಬ ಆಜ್ಞೆ ಎಲ್ಲ ಗಣಕಯಂತ್ರಗಳಲ್ಲಿಯೂ ಇರುತ್ತದೆ. ಅಮೆರಿಕದ ಸೇನಾ ಸಂಶೋಧನಾಲಯದಲ್ಲಿದ್ದ ಮೈಕ್ ಮೂಸ್ ಎಂಬವರು 1983ರ ಡಿಸೆಂಬರಿನಲ್ಲಿ ತಮ್ಮಲ್ಲಿನ ಜಾಲದ ಒಂದು ವಿಚಿತ್ರ ತೊಂದರೆಯನ್ನು ಹುಡುಕುವುದಕ್ಕಾಗಿಯೇ ಅದನ್ನು ಬರೆದರು. ಒಂದು ಯಂತ್ರ ಇನ್ನೊಂದನ್ನು ‘ಇದ್ದೀಯಾ?’ ಎಂದು ಕೇಳುತ್ತದೆ. ಅದು ‘ಇದ್ದೇನೆ’ ಎನ್ನುತ್ತದೆ. ಉತ್ತರ ಬರಲು ಹಿಡಿದ ಕಾಲವನ್ನು ಪರದೆ ತೋರಿಸುತ್ತದೆ. ವಿಂಡೋಸ್‌ನಲ್ಲಿ ಸಾಮಾನ್ಯವಾಗಿ ಇದು 4 ಬಾರಿ ಕೇಳಿ ನಿಲ್ಲುತ್ತದೆ. ನಿಲ್ಲಿಸುವವರೆಗೂ ಕೇಳುತ್ತಿರುವಂತೆ ಮಾಡಬಹುದು. ಎರಡು ಗಣಕಯಂತ್ರಗಳಲ್ಲಿ ಎರಡೆರಡು ಕಿಟಕಿಗಳನ್ನು ತೆರೆದು ಒಂದರಿಂದ ಸರ್ವರನ್ನೂ, ಇನ್ನೊಂದರಿಂದ ರೌಟರನ್ನೂ ಎಡೆಬಿಡದೆ ಕೇಳುವಂತೆ ಮಾಡಿದರು. ಸರ್ವರ್ ಮತ್ತು ರೌಟರ್ ಎರಡೂ ಒಟ್ಟಿಗೆ ಮೌನವಾದರೆ ದೋಷ ಅವೆರಡಕ್ಕೂ ಹೋಗುವ ಸಮಾನ ದಾರಿಯಲ್ಲಿದೆ. ಸರ್ವರ್ ಮಾತ್ರ ಮೌನವಾದರೆ ದೋಷ ಸರ್ವರಿನ ಕಡೆಗಿದೆ.

ದಿನಚರಿ ಹೇಳಿದ್ದೇನು?

ಹತ್ತು ದಿನಗಳಲ್ಲಿ 31 ನಮೂದುಗಳಾದವು. ಅವನ್ನು ಎರಡನೆಯ ಅಂಕಣದ ಪ್ರಕಾರ ವಿಂಗಡಿಸಿದಾಗ ‘ಸರ್ವರ್ ಹೋಗುವುದು’ ಒಂದು ದೋಷವಲ್ಲ, ಮೂರು ಬೇರೆ ಬೇರೆ ದೋಷಗಳು ಎಂದು ತಿಳಿದುಬಂತು. ಒಂದನ್ನು ಸರಿಪಡಿಸಿದಾಗಲೂ ಉಳಿದೆರಡು ಇರುತ್ತಿದ್ದುದರಿಂದಲೇ ಯಾವ ರಿಪೇರಿಯೂ ಫಲಿಸಿದಂತೆ ಕಂಡಿರಲಿಲ್ಲ.

ಮೊದಲನೆಯ ಗುಂಪು: ಏಳೂ ಗಣಕಯಂತ್ರಗಳು ಒಮ್ಮೆಗೇ ಸಂಪರ್ಕ ಕಳೆದುಕೊಂಡವು. ಸಮಯ ಬೆಳಿಗ್ಗೆ ಪಾಳಿ ಆರಂಭವಾಗುವ ಹೊತ್ತು ಮತ್ತು ಊಟದ ವಿರಾಮ ಮುಗಿಯುವ ಹೊತ್ತು. ಕೆಲವೇ ಸೆಕೆಂಡುಗಳಲ್ಲಿ ತಾನಾಗಿ ಬರುತ್ತಿತ್ತು. ಪಿಂಗ್‌ಗೆ ಸರ್ವರೂ ರೌಟರೂ ಒಟ್ಟಿಗೆ ಮೌನವಾಗಿದ್ದವು. ಐದನೆಯ ಅಂಕಣದಲ್ಲಿ ಪ್ರತಿ ಬಾರಿಯೂ ‘ಕಂಪ್ರೆಸರ್ ಚಾಲೂ’ ಎಂದಿತ್ತು. ನಾಲ್ಕನೆಯ ಅಂಕಣದಲ್ಲಿ ‘ಸ್ವಿಚ್ಚಿನ ದೀಪಗಳೆಲ್ಲ ಆರಿ ಹತ್ತಿದವು’ ಎಂದಿತ್ತು. ಹೋಗಿ ನೋಡಿದರೆ ಸರ್ವರ್ ಮತ್ತು ಗಣಕಯಂತ್ರಗಳೆಲ್ಲ ಯು.ಪಿ.ಎಸ್. ಮೇಲಿದ್ದವು. ಎಲ್ಲ ತಂತಿಗಳೂ ಬಂದು ಸೇರುವ ಸ್ವಿಚ್ ಪೆಟ್ಟಿಗೆಯೊಂದು ಮಾತ್ರ ಉಗ್ರಾಣದ ಗೋಡೆಯ ಸಾದಾ ಪ್ಲಗ್ಗಿನಲ್ಲಿತ್ತು. ದೊಡ್ಡ ಮೋಟಾರು ಎದ್ದೊಡನೆ ವೋಲ್ಟೇಜ್ ಕ್ಷಣಕಾಲ ಕುಸಿದು ಸ್ವಿಚ್ ನಿಂತು ಮತ್ತೆ ಆರಂಭವಾಗುತ್ತಿತ್ತು. ಪರದೆಗಳು ಮಿನುಗದ ಕಾರಣ ವಿದ್ಯುತ್ತಿನ ಮೇಲೆ ಯಾರಿಗೂ ಅನುಮಾನ ಬಂದಿರಲಿಲ್ಲ. ಮನುಷ್ಯನಿಗೆ ಐದು ಸೆಕೆಂಡು ಏನೂ ಅಲ್ಲ; ತೆರೆದ ಕಡತಕ್ಕೆ ಬರೆಯುತ್ತಿರುವ ತಂತ್ರಾಂಶಕ್ಕೆ ಅಷ್ಟೇ ಸಾಕು. ಬಿಲ್ಲುಗಳು ಕಳೆದ ದಿನದ ಅವಘಡವೂ ಮಧ್ಯಾಹ್ನದ ಪಾಳಿ ಆರಂಭವಾದ ಹೊತ್ತಿನಲ್ಲಿಯೇ ಆಗಿತ್ತು.

ಎರಡನೆಯ ಗುಂಪು: ರವಾನೆ ವಿಭಾಗದ ಒಂದೇ ಗಣಕಯಂತ್ರ. ಸಣ್ಣ ನಮೂದುಗಳಿಗೆ ತೊಂದರೆಯಿಲ್ಲ. ತಿಂಗಳ ವರದಿ ತೆರೆದಾಗ, ಉದ್ದದ ಪಟ್ಟಿ ಮುದ್ರಿಸುವಾಗ ಕಡಿಯುತ್ತಿತ್ತು. ಆ ತಂತಿಯನ್ನು ಹಿಂದೊಮ್ಮೆ ಪರೀಕ್ಷಿಸಿ ಸರಿಯಿದೆಯೆಂದು ಹೇಳಿದ್ದರು. ಎಂಟು ದೀಪಗಳ ಚಿಕ್ಕ ಪರೀಕ್ಷಾ ಉಪಕರಣದಲ್ಲಿ ಎಂಟೂ ದೀಪಗಳು ಉರಿದದ್ದೂ ನಿಜ. ಆದರೆ ಆ ಉಪಕರಣ ತಂತಿ ತುಂಡಾಗಿಲ್ಲವೆಂಬುದನ್ನು ಮಾತ್ರ ಹೇಳುತ್ತದೆ. ಜಾಲದ ಕೇಬಲ್ಲಿನೊಳಗೆ ಎಂಟು ಎಳೆಗಳು ನಾಲ್ಕು ಜೋಡಿಗಳಾಗಿ ಹೊಸೆದುಕೊಂಡಿರುತ್ತವೆ. ಹೊಸೆದಿರುವುದರಿಂದಲೇ ಹೊರಗಿನ ಮತ್ತು ಪಕ್ಕದ ಜೋಡಿಯ ಸದ್ದು ಒಳಗೆ ನುಸುಳುವುದಿಲ್ಲ. ನಿಯಮದಂತೆ ಕೊನೆಯ ಪ್ಲಗ್ಗಿನ 3 ಮತ್ತು 6ನೆಯ ಸ್ಥಾನಗಳು ಒಂದೇ ಜೋಡಿಗೆ ಸೇರಬೇಕು. ಇಲ್ಲಿ ಕೂರಿಸಿದವರು ಜೋಡಿಗಳನ್ನು 1-2, 3-4, 5-6, 7-8 ಎಂದು ಸಾಲಾಗಿ ಕೂರಿಸಿಬಿಟ್ಟಿದ್ದರು. ಎರಡೂ ತುದಿಯಲ್ಲಿ ಒಂದೇ ಬಗೆಯಾಗಿದ್ದುದರಿಂದ ದೀಪಗಳು ಉರಿದವು; ಆದರೆ 3 ಮತ್ತು 6ರ ಎಳೆಗಳು ಬೇರೆ ಬೇರೆ ಜೋಡಿಗೆ ಸೇರಿ ಹೊಸೆತದ ಪ್ರಯೋಜನ ಇಲ್ಲವಾಯಿತು. ಸಾಲದ್ದಕ್ಕೆ ಆ ಕೇಬಲ್ ಮೋಟಾರಿನ ವಿದ್ಯುತ್ ತಂತಿಗೆ ಅಂಟಿಕೊಂಡೇ ಸಾಗಿತ್ತು, ನಡುವೆ ಒಂದು ಕಡೆ ಎಳೆಗಳನ್ನು ತಿರುಚಿ ಟೇಪು ಸುತ್ತಿ ಗಂಟು ಹಾಕಲಾಗಿತ್ತು. ಪಿಂಗ್ ಸಾಮಾನ್ಯವಾಗಿ ಕಳುಹಿಸುವುದು 32 ಬೈಟುಗಳ ಚೀಟಿಯನ್ನು. ಅದು ದಾಟುತ್ತಿತ್ತು. 1,400 ಬೈಟುಗಳ ದೊಡ್ಡ ಗಂಟನ್ನು ಕಳುಹಿಸಿ ನೋಡಿದಾಗ ಮೇಲಿಂದ ಮೇಲೆ ಕಳೆದುಹೋಗುತ್ತಿತ್ತು.

ಮೂರನೆಯ ಗುಂಪು: ಸೋಮವಾರ ಬೆಳಿಗ್ಗೆ ಮಾತ್ರ. ದೀಪಗಳೆಲ್ಲ ಉರಿಯುತ್ತಿದ್ದರೂ ಯಾವ ಗಣಕಯಂತ್ರಕ್ಕೂ ಸರ್ವರ್ ಸಿಗುತ್ತಿರಲಿಲ್ಲ. ಎಲ್ಲವನ್ನೂ ಆರಿಸಿ ಮತ್ತೆ ಹಾಕಿದರೆ ಒಮ್ಮೊಮ್ಮೆ ಬರುತ್ತಿತ್ತು. ಜಾಲದಲ್ಲಿ ಪ್ರತಿ ಯಂತ್ರಕ್ಕೂ ಮನೆ ಸಂಖ್ಯೆಯಂತೆ ಒಂದು ಐ.ಪಿ. ವಿಳಾಸವಿರುತ್ತದೆ. ಇಲ್ಲಿ ಸರ್ವರಿಗೂ ರೌಟರೇ ವಿಳಾಸ ಹಂಚುತ್ತಿತ್ತು, ಅದೂ 24 ಗಂಟೆಗಳ ಗೇಣಿಯ ಮೇಲೆ. ಶನಿವಾರ ಸಂಜೆ ಸರ್ವರನ್ನು ಆರಿಸುತ್ತಿದ್ದರು. ಭಾನುವಾರ ಗೇಣಿ ಮುಗಿಯುತ್ತಿತ್ತು. ಸೋಮವಾರ ಸರ್ವರ್ ಏಳುವ ಮೊದಲೇ ಯಾರದೋ ಮೊಬೈಲು ವೈ-ಫೈಗೆ ಸೇರಿ ಅದೇ ವಿಳಾಸವನ್ನು ಪಡೆದರೆ ಸರ್ವರಿಗೆ ಬೇರೆ ವಿಳಾಸ ದೊರೆಯುತ್ತಿತ್ತು. ಬಿಲ್ಲಿನ ಯಂತ್ರಗಳು ಮಾತ್ರ ಹೋದ ವಾರದ ವಿಳಾಸದಲ್ಲಿಯೇ ಹುಡುಕುತ್ತಿದ್ದವು. ಗಿರಾಕಿ ಮನೆ ಬದಲಿಸಿದ್ದು ತಿಳಿಯದೆ ವಸೂಲಿಗೆ ಹಳೆಯ ಮನೆಯ ಬಾಗಿಲು ತಟ್ಟಿದಂತೆ!

ಒಂದು ಬಾರಿಗೆ ಒಂದೇ ಬದಲಾವಣೆ

ಮೂರೂ ಕಾರಣಗಳು ತಿಳಿದ ಮೇಲೆ ಎಲ್ಲವನ್ನೂ ಒಂದೇ ದಿನ ಸರಿಪಡಿಸಲು ಮಾಲೀಕರು ಆತುರಪಟ್ಟರು. ತಂತ್ರಜ್ಞರೇ ಬೇಡವೆಂದರು. ಮೂರನ್ನೂ ಒಮ್ಮೆಗೇ ಮಾಡಿದರೆ ಯಾವುದರಿಂದ ಗುಣವಾಯಿತೆಂದು ತಿಳಿಯದು. ಗುಣವಾಗದಿದ್ದರೆ ಯಾವುದು ತಪ್ಪಾಯಿತೆಂದೂ ತಿಳಿಯದು. ಮೊದಲು ಸ್ವಿಚ್ಚನ್ನು ಯು.ಪಿ.ಎಸ್.ಗೆ ಸೇರಿಸಿ ಒಂದು ವಾರ ಕಾದರು. ಮೊದಲನೆಯ ಗುಂಪಿನ ನಮೂದು ಮತ್ತೆ ಬರಲಿಲ್ಲ. ಉಳಿದೆರಡು ಎಂದಿನಂತೆ ಬಂದವು. ಬಳಿಕ ಸರ್ವರಿಗೆ ರೌಟರು ಹಂಚುವ ವ್ಯಾಪ್ತಿಯ ಹೊರಗಿನ ಒಂದು ಸ್ಥಿರ ವಿಳಾಸವನ್ನು ಕೊಟ್ಟರು. ಸೋಮವಾರದ ತೊಂದರೆ ನಿಂತಿತು. ಕೊನೆಗೆ ರವಾನೆ ವಿಭಾಗಕ್ಕೆ ಹೊಸ ಕೇಬಲನ್ನು ವಿದ್ಯುತ್ ತಂತಿಯಿಂದ ದೂರವಾಗಿ, ಪ್ರತ್ಯೇಕ ಪೈಪಿನಲ್ಲಿ, ನಡುವೆ ಗಂಟಿಲ್ಲದೆ ಎಳೆಸಿದರು. ಹೊಸ ಸರ್ವರಿಗೆ ತೆತ್ತ ಹಣದ ಹತ್ತನೆಯ ಒಂದು ಪಾಲೂ ಈ ಮೂರು ಕೆಲಸಗಳಿಗೆ ತಗುಲಲಿಲ್ಲ.

ಸದಸ್ಯರು ತಮ್ಮ ಕಚೇರಿಯಲ್ಲಿ ನೋಡಬೇಕಾದ ಲಕ್ಷಣಗಳು

ಇತರ ಕಚೇರಿಗಳಲ್ಲಿ ಕಂಡುದನ್ನೂ ಸೇರಿಸಿ, ಲಕ್ಷಣದಿಂದ ಕಾರಣದ ಕಡೆಗೆ ಹೋಗಲು ನೆರವಾಗುವ ಒಂದು ಪಟ್ಟಿಯನ್ನು ಕೊಡುತ್ತಿದ್ದೇನೆ.

1. ಅಂತರ್ಜಾಲ ನಿಂತಿದೆಯೇ, ಸರ್ವರ್ ನಿಂತಿದೆಯೇ ಎಂಬುದನ್ನು ಮೊದಲು ಬೇರ್ಪಡಿಸಿರಿ. ಪೋರ್ಟಲ್ ತೆರೆಯದಿದ್ದರೂ ಸರ್ವರ್ ಸಿಗುತ್ತಿದ್ದರೆ ತೊಂದರೆ ಹೊರಗಿನ ಸಂಪರ್ಕದ್ದು. ಕಚೇರಿಯ ಒಳಗಿನ ತಂತಿಗೂ ಅದಕ್ಕೂ ಸಂಬಂಧವಿಲ್ಲ.

2. ಎಲ್ಲ ಯಂತ್ರಗಳೂ ಒಮ್ಮೆಗೇ ಕಡಿದರೆ ಸ್ವಿಚ್, ಅದರ ಅಡಾಪ್ಟರ್, ಅದರ ವಿದ್ಯುತ್ತು ಅಥವಾ ಸರ್ವರಿನ ತಂತಿ ಇವುಗಳನ್ನು ನೋಡಿರಿ. ಒಂದೇ ಯಂತ್ರ ಕಡಿದರೆ ಅದರ ಕೇಬಲನ್ನೂ ಸ್ವಿಚ್ಚಿನಲ್ಲಿ ಅದು ಕೂತಿರುವ ಕಿಂಡಿಯನ್ನೂ ನೋಡಿರಿ. ಪಕ್ಕದ ಯಂತ್ರದ ಕಿಂಡಿಯೊಂದಿಗೆ ಅದಲು ಬದಲು ಮಾಡಿ. ದೋಷ ಕಿಂಡಿಯೊಡನೆ ಉಳಿಯಿತೇ, ಯಂತ್ರದೊಡನೆ ಹೋಯಿತೇ ಎಂಬುದೇ ಉತ್ತರ.

3. ಎಲ್ಲೆಡೆ ಒಮ್ಮೆಗೇ ಜಾಲ ಸ್ತಬ್ಧವಾಗಿ ಸ್ವಿಚ್ಚಿನ ದೀಪಗಳೆಲ್ಲ ಒಂದೇ ಸಮನೆ ವೇಗವಾಗಿ ಮಿನುಗುತ್ತಿದ್ದರೆ, ಯಾರೋ ಒಂದೇ ಕೇಬಲ್ಲಿನ ಎರಡೂ ತುದಿಗಳನ್ನು ಸ್ವಿಚ್ಚಿಗೇ ಚುಚ್ಚಿರುವ ಸಂಭವವುಂಟು. ಕಚೇರಿ ಗುಡಿಸಿ ಒರೆಸಿದ ಮರುದಿನ ಇದು ಕಾಣಿಸಿಕೊಳ್ಳುತ್ತದೆ.

4. ಯಂತ್ರದ ಐ.ಪಿ. ವಿಳಾಸ 169.254 ಎಂದು ಆರಂಭವಾಗಿದ್ದರೆ ಅದಕ್ಕೆ ವಿಳಾಸ ಹಂಚುವವರು ಯಾರೂ ಸಿಗದೆ ತಾನೇ ಒಂದನ್ನು ಇಟ್ಟುಕೊಂಡಿದೆ ಎಂದರ್ಥ. ಬೇರೆಯೇ ಬಗೆಯ ಅಂಕಿಗಳು ಕಂಡರೆ ಕಚೇರಿಯಲ್ಲಿ ಇನ್ನೊಂದು ರೌಟರ್ ಸೇರಿಕೊಂಡು ಅದೂ ವಿಳಾಸ ಹಂಚುತ್ತಿರಬಹುದು. ಮನೆಯಿಂದ ತಂದು ಜೋಡಿಸಿದ ಹಳೆಯ ವೈ-ಫೈ ಪೆಟ್ಟಿಗೆಗಳು ಹೀಗೆ ಮಾಡುತ್ತವೆ.

5. ಕೆಲಸವಿಲ್ಲದೆ ಸ್ವಲ್ಪ ಹೊತ್ತು ಬಿಟ್ಟ ಮೇಲೆ ಮೊದಲ ಬಾರಿ ಮಾತ್ರ ಸಿಗದಿದ್ದರೆ ಸರ್ವರಿನ ಜಾಲ ಕಾರ್ಡಿನ ವಿದ್ಯುತ್ ಉಳಿತಾಯದ ವ್ಯವಸ್ಥೆಯನ್ನು ನೋಡಿರಿ. ವಿಂಡೋಸ್‌ನಲ್ಲಿ ‘ವಿದ್ಯುತ್ ಉಳಿಸಲು ಈ ಸಾಧನವನ್ನು ಆರಿಸಬಹುದು’ ಎಂಬ ಅನುಮತಿಯನ್ನು ಸರ್ವರಿನ ಮಟ್ಟಿಗೆ ತೆಗೆದುಬಿಡುವುದು ಲೇಸು.

6. ಸಂಪರ್ಕವಿದ್ದರೂ ತೀರ ನಿಧಾನವಾಗಿದ್ದರೆ ವೇಗವನ್ನು ನೋಡಿರಿ. ಗಿಗಾಬಿಟ್, ಅಂದರೆ ಸೆಕೆಂಡಿಗೆ 1,000 ಮೆಗಾಬಿಟ್ ವೇಗಕ್ಕೆ ಕೇಬಲ್ಲಿನ ನಾಲ್ಕೂ ಜೋಡಿಗಳು ಸರಿಯಿರಬೇಕು. 100 ಮೆಗಾಬಿಟ್‌ಗೆ ಎರಡೇ ಜೋಡಿ ಸಾಕು. ಗಿಗಾಬಿಟ್ ಇರಬೇಕಾದ ಕಡೆ 100 ಎಂದು ತೋರಿಸಿದರೆ ಒಂದು ಜೋಡಿ ಕೆಟ್ಟಿರಬಹುದು. ವೇಗವನ್ನು ಒಂದು ಬದಿಯಲ್ಲಿ ಕೈಯಾರೆ ಗೊತ್ತುಮಾಡಿ ಇನ್ನೊಂದು ಬದಿಯಲ್ಲಿ ‘ಆಟೋ’ ಬಿಟ್ಟಿದ್ದರೂ ಭಾರ ಹೆಚ್ಚಿದಾಗ ಜಾಲ ತೆವಳುತ್ತದೆ. ಎರಡೂ ಬದಿ ‘ಆಟೋ’ ಇರಲಿ.

7. ದೀಪ ಉರಿಯುತ್ತಿದ್ದು, ವಿಳಾಸವೂ ಸರಿಯಿದ್ದು, ಹಂಚಿಕೆಯ ಕಡತ ಮಾತ್ರ ತೆರೆಯದಿದ್ದರೆ ತಂತಿಯನ್ನು ಬಿಟ್ಟುಬಿಡಿ. ಸರ್ವರಿನ ವಿಂಡೋಸ್ ತನ್ನ ಜಾಲವನ್ನು ‘ಪಬ್ಲಿಕ್’ ಎಂದು ಎಣಿಸಿ ಬಾಗಿಲು ಮುಚ್ಚಿರಬಹುದು ಅಥವಾ ಗುಪ್ತಪದ ಬದಲಾಗಿರಬಹುದು. ಇಂತಹ ಸ್ಥಿತಿಯಲ್ಲಿ ಪಿಂಗ್‌ಗೂ ಉತ್ತರ ಬಾರದಿರುವುದುಂಟು. ಆದ್ದರಿಂದ ಎಲ್ಲವೂ ಸರಿಯಿರುವ ದಿನವೇ ಪಿಂಗ್ ಮಾಡಿ ಉತ್ತರ ಬರುತ್ತದೆಯೇ ಎಂದು ನೋಡಿ ಬರೆದಿಟ್ಟುಕೊಳ್ಳಿರಿ.

ಮುಂಜಾಗ್ರತೆ

ಕೇಬಲ್ ಕೊಳ್ಳುವಾಗ ಎಳೆ ಶುದ್ಧ ತಾಮ್ರದ್ದೇ ಎಂದು ಕೇಳಿ ಖಚಿತಪಡಿಸಿಕೊಳ್ಳಬೇಕು. ಅಲ್ಯೂಮಿನಿಯಮ್ಮಿಗೆ ತಾಮ್ರದ ಲೇಪ ಕೊಟ್ಟ ಅಗ್ಗದ ಕೇಬಲ್ ಪೇಟೆಯಲ್ಲಿ ಸಾಕಷ್ಟಿದೆ. ಅದರ ವಿದ್ಯುತ್ ರೋಧ ಹೆಚ್ಚು. ಬಾಗಿಸಿದರೆ ಬೇಗ ಮುರಿಯುತ್ತದೆ. ಜಾಲದ ಕೇಬಲ್ಲಿನ ಮಾನದಂಡಗಳು ಅದನ್ನು ಒಪ್ಪುವುದಿಲ್ಲ. ಸ್ವಿಚ್ಚಿನಿಂದ ಯಂತ್ರದವರೆಗೆ ಒಟ್ಟು ಉದ್ದ 100 ಮೀಟರ್ ಮೀರಬಾರದು. ಮೀರುವಂತಿದ್ದರೆ ನಡುವೆ ಇನ್ನೊಂದು ಸ್ವಿಚ್ ಇಡಬೇಕು, ಅಥವಾ ಶೆಡ್ಡಿನಿಂದ ಶೆಡ್ಡಿಗೆ ಆಪ್ಟಿಕಲ್ ಫೈಬರ್ ಎಳೆಸಬೇಕು. ಗಾಜಿನ ಎಳೆಗೆ ಮೋಟಾರಿನ ಬಾಧೆಯಿಲ್ಲ. ಸರ್ವರನ್ನೂ ಬಿಲ್ಲಿನ ಯಂತ್ರಗಳನ್ನೂ ವೈ-ಫೈ ಮೇಲೆ ನಡೆಸಬೇಡಿ. ಪ್ರತಿ ಕೇಬಲ್ಲಿನ ಎರಡೂ ತುದಿಗೆ ಒಂದೇ ಸಂಖ್ಯೆಯ ಚೀಟಿ ಅಂಟಿಸಿ, ಯಾವ ಸಂಖ್ಯೆ ಯಾವ ಮೇಜಿಗೆ ಎಂಬ ಪಟ್ಟಿಯನ್ನು ಸ್ವಿಚ್ಚಿನ ಬಳಿಯೇ ತೂಗುಹಾಕಿರಿ.

ಇದು ಬರಿಯ ಅನುಕೂಲದ ಮಾತಲ್ಲ, ಕಾನೂನಿನ ಹೊಣೆಯೂ ಹೌದು. ತಿಂಗಳಿಗೊಮ್ಮೆ ವಿವರ ಸಲ್ಲಿಸುವವರಿಗೆ ಜಿ.ಎಸ್.ಟಿ.ಆರ್.-1 ಸಲ್ಲಿಸಲು 11ನೆಯ ತಾರೀಖು, ಜಿ.ಎಸ್.ಟಿ.ಆರ್.-3ಬಿ ಸಲ್ಲಿಸಲು 20ನೆಯ ತಾರೀಖು ಕೊನೆ. ಸರ್ವರ್ ಸಿಗಲಿಲ್ಲವೆಂದು ತಡಶುಲ್ಕ ಮಾಫಿಯಾಗುವುದಿಲ್ಲ. ಕಂಪನಿಗಳ ವಿಷಯದಲ್ಲಿ, 1-4-2023ರಿಂದ ಆರಂಭವಾದ ಹಣಕಾಸು ವರ್ಷದಿಂದ ಲೆಕ್ಕದ ತಂತ್ರಾಂಶ ಪ್ರತಿ ತಿದ್ದುಪಡಿಯ ದಾಖಲೆಯನ್ನು ಇಡಲೇಬೇಕು. ಅದು ವರ್ಷವಿಡೀ ನಡೆದಿದೆಯೇ ಎಂದು ಲೆಕ್ಕಪರಿಶೋಧಕರು ವರದಿ ಮಾಡಲೇಬೇಕು. ವಿದ್ಯುನ್ಮಾನ ಲೆಕ್ಕಪತ್ರಗಳ ಬ್ಯಾಕಪ್ ಪ್ರತಿಯನ್ನು ಭಾರತದಲ್ಲಿರುವ ಸರ್ವರಿನಲ್ಲಿ ಪ್ರತಿದಿನವೂ ಇಡಬೇಕೆಂದು 2022ರ ಆಗಸ್ಟಿನಲ್ಲಿ ತಿದ್ದುಪಡಿಯಾದ ನಿಯಮ ಹೇಳುತ್ತದೆ. ಬ್ಯಾಕಪ್ ಮರಳಿ ಹಾಕಬೇಕಾಗಿ ಬಂದರೆ ಮೊದಲು ಕೆಟ್ಟ ಕಡತದ ಒಂದು ಪ್ರತಿಯನ್ನು ಹಾಗೆಯೇ ತೆಗೆದಿಡಿ. ಯಾವ ದಿನ, ಎಷ್ಟು ಗಂಟೆಯ ಪ್ರತಿಯನ್ನು ಯಾರು ಹಾಕಿದರೆಂದು ಬರೆದು ಸಹಿ ಮಾಡಿಸಿರಿ. ಅನಂತರ ಕಚೇರಿಯ ಪ್ರತಿಗಳನ್ನಷ್ಟೇ ಅಲ್ಲದೆ ಗೇಟಿನ ಕಡತ, ಇ-ವೇ ಬಿಲ್ಲುಗಳ ಪಟ್ಟಿ ಇವೆರಡರೊಡನೆಯೂ ತಾಳೆ ನೋಡಿದ ಮೇಲೆಯೇ ಹೊಸ ಬಿಲ್ಲು ಆರಂಭಿಸಬೇಕು. ಉದ್ಯಮಬಾಗದ ಪ್ರಕರಣದಲ್ಲಿ ಇಷ್ಟು ಮಾಡಿದ್ದರೆ ಆ ಮೂರು ಬಿಲ್ಲುಗಳು ಅದೇ ಸಂಜೆ ಸಿಕ್ಕುತ್ತಿದ್ದವು.

ತಂತ್ರಜ್ಞರನ್ನು ಕರೆಯುವ ಮುನ್ನ ದಿನಚರಿಯನ್ನು ತೆರೆಯಿರಿ ಎಂದು ಸದಸ್ಯರಲ್ಲಿ ನನ್ನ ವಿನಂತಿ. ಬರೆದಿಟ್ಟ ಹತ್ತು ದಿನಗಳ ದಾಖಲೆಯನ್ನು ಕೈಗಿತ್ತರೆ ಅನುಭವಿ ತಂತ್ರಜ್ಞರಿಗೆ ಅರ್ಧ ಕೆಲಸ ಮುಗಿದಂತೆ. ಬದಲಾಗಿ ‘ಸರ್ವರ್ ಹೋಗುತ್ತದೆ’ ಎಂದಷ್ಟೇ ಹೇಳಿದರೆ ಅವರಿಗೂ ಏನಾದರೊಂದನ್ನು ಬದಲಿಸದೆ ದಾರಿಯಿಲ್ಲ.

ಮುಂದಿನ ವರ್ಷದ ಲೆಕ್ಕಪರಿಶೋಧನೆಗೆ ಹೋದಾಗ ಆ ನೋಟುಪುಸ್ತಕ ಇನ್ನೂ ಗುಮಾಸ್ತರ ಮೇಜಿನ ಮೇಲಿತ್ತು. ಕೊನೆಯ ಹಲವು ಪುಟಗಳಲ್ಲಿ ದಿನಾಂಕದ ಮುಂದೆ ‘ಏನೂ ಇಲ್ಲ’ ಎಂದು ಬರೆದು, ಅದರ ಕೆಳಗೆ ಮಾಲೀಕರು ಎಂದಿನಂತೆ ಸಹಿ ಮಾಡಿದ್ದರು.